ವರ್ಕ್ ವೀಸಾದಲ್ಲಿದ್ದಾಗ ಎರಡನೇ ಕೆಲಸ ಮಾಡಬಹುದೇ? 'ಟ್ಯಾಕ್ಸ್ ಕಟ್ಟಿದರೆ ಸಾಕು' ಎನ್ನುವುದು ಎಷ್ಟು ನಿಜ?

"ಕಂಪನಿಯ 40 ಗಂಟೆ ಮುಗಿದ ಮೇಲೆ ಉಳಿದ ಸಮಯ ನಿಮ್ಮದೇ. ಶನಿವಾರ, ಭಾನುವಾರ ಡೆಲಿವರಿ ಮಾಡಿದರೆ ಯಾರೂ ಕೇಳುವುದಿಲ್ಲ."

"ಟ್ಯಾಕ್ಸ್ ಸರಿಯಾಗಿ ಕಟ್ಟಿದರೆ ಎರಡನೇ ಕೆಲಸಕ್ಕೆ ತೊಂದರೆ ಇಲ್ಲ."

"ಹಣ ಭಾರತದ ಖಾತೆಗೆ ಬಂದರೆ ಅದು ಅಲ್ಲಿನ ಲೆಕ್ಕಕ್ಕೇ ಬರುವುದಿಲ್ಲ."

ವಿದೇಶದಲ್ಲಿ ಮಗನೋ, ಮಗಳೋ, ತಮ್ಮನೋ ಇರುವ ಮನೆಯವರ ಫೋನಿಗೆ ಇಂಥ ಸಂದೇಶಗಳು ಒಂದಲ್ಲ ಒಂದು ದಿನ ಬರುತ್ತವೆ. ಒಳ್ಳೆಯದಾಗಲಿ ಎಂದೇ ನಾವು ಅವನ್ನು ಅವರಿಗೆ ಕಳಿಸಿಬಿಡುತ್ತೇವೆ. ಅಲ್ಲಿ ಬಾಡಿಗೆ ಏರಿದೆ, ಇಲ್ಲಿ ಓದಿನ ಸಾಲದ ಕಂತು ಕಟ್ಟಬೇಕಿದೆ; ತಿಂಗಳಿಗೆ ಒಂದಿಷ್ಟು ಹೆಚ್ಚು ಹಣ ಬಂದರೆ ಯಾರಿಗೆ ಬೇಡ? ಆದರೆ ಮೇಲಿನ ಮೂರು ಮಾತುಗಳಲ್ಲಿ ಮೊದಲ ಎರಡು ತಪ್ಪು. ಮೂರನೆಯದು ಒಂದು ದೇಶದಲ್ಲಿ ಸರಿ, ಇನ್ನೊಂದರಲ್ಲಿ ಅಪಾಯ. ಇವನ್ನು ನಂಬಿ ಹೆಜ್ಜೆ ಇಟ್ಟವರು ಕಳೆದುಕೊಳ್ಳುವುದು ಆ ಎರಡನೇ ಕೆಲಸವನ್ನಷ್ಟೇ ಅಲ್ಲ, ಮೊದಲ ಕೆಲಸವನ್ನೂ ಆ ದೇಶದಲ್ಲಿ ಉಳಿಯುವ ಹಕ್ಕನ್ನೂ ಕಳೆದುಕೊಳ್ಳಬಹುದು. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಬೆಂಗಳೂರಿನ ಮೂನ್‌ಲೈಟಿಂಗ್ ಬೇರೆ, ಇದು ಬೇರೆ

2022ರಲ್ಲಿ ನಮ್ಮಲ್ಲಿ 'ಮೂನ್‌ಲೈಟಿಂಗ್' ಎಂಬ ಪದ ದೊಡ್ಡ ಸುದ್ದಿಯಾಗಿತ್ತು. ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಉದ್ಯೋಗಿಗಳನ್ನು ತೆಗೆದುಹಾಕಿದ್ದಾಗಿ ವಿಪ್ರೋ ಹೇಳಿತು. ಇನ್ಫೋಸಿಸ್ ತನ್ನ ಉದ್ಯೋಗಿಗಳಿಗೆ ಇಮೇಲ್ ಮೂಲಕ ಎಚ್ಚರಿಕೆ ಕೊಟ್ಟಿತು. ಆ ಚರ್ಚೆಯೆಲ್ಲ ನಡೆದದ್ದು ಉದ್ಯೋಗಿ ಮತ್ತು ಕಂಪನಿಯ ನಡುವಿನ ಒಪ್ಪಂದದ ಬಗ್ಗೆ. ಕಂಪನಿ ಒಪ್ಪಿದರೆ ಸರಿ, ಒಪ್ಪದಿದ್ದರೆ ಕೆಲಸ ಹೋಗಬಹುದು. ಆದರೆ ಕೆಲಸ ಹೋಯಿತೆಂದು ಯಾರೂ ನಿಮ್ಮನ್ನು ದೇಶ ಬಿಟ್ಟು ಹೋಗಿ ಎನ್ನುವುದಿಲ್ಲ, ಏಕೆಂದರೆ ಇದು ನಿಮ್ಮದೇ ದೇಶ.

ವರ್ಕ್ ವೀಸಾದಲ್ಲಿರುವವರ ವಿಷಯ ಹಾಗಲ್ಲ. ಅಲ್ಲಿ ಮೂರು ಅನುಮತಿಗಳು ಬೇರೆ ಬೇರೆಯಾಗಿ ಬೇಕು. ಒಂದು, ಆ ದೇಶದ ಸರ್ಕಾರದ ಅನುಮತಿ. ಎರಡು, ಈಗಿನ ಕಂಪನಿಯ ಒಪ್ಪಂದದಲ್ಲಿ ಅವಕಾಶ. ಮೂರು, ಬಂದ ಹಣಕ್ಕೆ ತೆರಿಗೆ. ಫಾರ್ವರ್ಡ್‌ಗಳು ಮಾಡುವ ದೊಡ್ಡ ತಪ್ಪೆಂದರೆ ಇವುಗಳಲ್ಲಿ ಒಂದಿದ್ದರೆ ಉಳಿದೆರಡೂ ಸಿಕ್ಕಂತೆ ಎಂದು ಹೇಳುವುದು. ಮ್ಯಾನೇಜರ್ 'ಮಾಡಿಕೊಳ್ಳಿ' ಎಂದರೆ ಅದು ಎರಡನೆಯ ಅನುಮತಿ ಮಾತ್ರ. ಮೊದಲನೆಯದನ್ನು ಕೊಡುವ ಅಧಿಕಾರ ಅವರಿಗಿಲ್ಲ.

ವೀಸಾ ಇರುವುದು ನಿಮಗಲ್ಲ, ಆ ಕೆಲಸಕ್ಕೆ

ವರ್ಕ್ ಪರ್ಮಿಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಸ್ ಪಾಸ್ ಇದ್ದಂತೆ: ಯಾವ ಬಸ್ಸಿಗಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. ಇನ್ನೊಂದು ಟಿಕೆಟ್ ಇದ್ದಂತೆ: ಬೆಂಗಳೂರಿನಿಂದ ಮೈಸೂರಿಗೆ ತೆಗೆದುಕೊಂಡ ಟಿಕೆಟ್ಟಿನಲ್ಲಿ ಹಾಸನದ ಬಸ್ ಹತ್ತಲಾಗದು, ಹಣ ಕೊಟ್ಟೇ ಕೊಂಡಿದ್ದರೂ ಅಷ್ಟೇ. ಹೊರಗಿನಿಂದ ಬಂದು ದುಡಿಯುವ ಬಹುತೇಕರ ಕೈಯಲ್ಲಿರುವುದು ಈ ಎರಡನೆಯದು.

ಕರ್ನಾಟಕದ ಐಟಿ ಉದ್ಯೋಗಿಗಳಿಗೆ ಹೆಚ್ಚು ಪರಿಚಿತವಾದ ಅಮೆರಿಕದ ಎಚ್-1ಬಿ ವೀಸಾವನ್ನೇ ತೆಗೆದುಕೊಳ್ಳಿ. 1990ರ ವಲಸೆ ಕಾಯ್ದೆಯಿಂದ ಬಂದ ಈ ವೀಸಾ ವರ್ಷಕ್ಕೆ 65,000 ಜನರಿಗೆ, ಜೊತೆಗೆ ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದ 20,000 ಜನರಿಗೆ ಎಂಬ ಮಿತಿ ಇದೆ. ಪ್ರತಿವರ್ಷ ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ಹತ್ತಕ್ಕೆ ಸುಮಾರು ಏಳು ಭಾರತದಲ್ಲಿ ಹುಟ್ಟಿದವರದ್ದು.

ಇದಕ್ಕೆ ಅರ್ಜಿ ಹಾಕುವವರು ಉದ್ಯೋಗಿಯಲ್ಲ, ಕಂಪನಿ. ಕೆಲಸ ಯಾವುದು, ಎಲ್ಲಿ, ಸಂಬಳ ಎಷ್ಟು ಎಂದು ಕಂಪನಿ ಮೊದಲು ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಆಮೇಲೆ ವಲಸೆ ಇಲಾಖೆ ಅನುಮತಿ ಕೊಡುತ್ತದೆ. ಅಂದರೆ ಸರ್ಕಾರ ಒಪ್ಪಿರುವುದು 'ಈ ವ್ಯಕ್ತಿ ಅಮೆರಿಕದಲ್ಲಿ ದುಡಿಯಬಹುದು' ಎಂಬುದಕ್ಕಲ್ಲ. 'ಈ ವ್ಯಕ್ತಿ ಈ ಕಂಪನಿಯಲ್ಲಿ ಈ ಕೆಲಸ ಮಾಡಬಹುದು' ಎಂಬುದಕ್ಕೆ. ರಾತ್ರಿ ಮಾಡಿದರೂ, ಭಾನುವಾರ ಮಾಡಿದರೂ, ಎರಡೇ ಗಂಟೆ ಮಾಡಿದರೂ ಬೇರೆ ಕೆಲಸ ಬೇರೆಯೇ.

ಹೀಗೇಕೆ ಮಾಡಿದ್ದಾರೆ? ಹೊರಗಿನವರನ್ನು ಕಡಿಮೆ ಸಂಬಳಕ್ಕೆ ತಂದು ಸ್ಥಳೀಯರ ಸಂಬಳ ಇಳಿಸಬಾರದು ಎನ್ನುವುದು ಕಾನೂನು ಹೇಳುವ ಕಾರಣ. ಈ ಏರ್ಪಾಡಿನ ಬಗ್ಗೆ ಟೀಕೆಯೂ ಇದೆ. ಒಬ್ಬರೇ ಮಾಲೀಕರಿಗೆ ಕಟ್ಟುಬಿದ್ದ ಉದ್ಯೋಗಿ ಸಂಬಳ ಹೆಚ್ಚು ಕೇಳಲು, ಅನ್ಯಾಯವಾದರೆ ಎದುರು ಮಾತಾಡಲು ಹಿಂಜರಿಯುತ್ತಾನೆ ಎನ್ನುವುದು ಸುಳ್ಳಲ್ಲ. ಆದರೆ ನಿಯಮ ನ್ಯಾಯವೇ ಎಂಬ ಪ್ರಶ್ನೆ ಬೇರೆ, ನಿಯಮ ಏನು ಎಂಬ ಪ್ರಶ್ನೆ ಬೇರೆ. ವೀಸಾ ನವೀಕರಣದ ಹೊತ್ತಿಗೆ ಅಧಿಕಾರಿ ನೋಡುವುದು ಎರಡನೆಯದನ್ನು ಮಾತ್ರ.

ಒಂದೊಂದೇ ಫಾರ್ವರ್ಡ್ ನೋಡೋಣ

*"ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಎಲ್ಲಿ ಬೇಕಾದರೂ ದುಡಿಯಬಹುದು."* ತಪ್ಪು. ಅಮೆರಿಕದಲ್ಲಿ ತಾತ್ಕಾಲಿಕ ವರ್ಕ್ ವೀಸಾದವರಿಗೆ ಕೊಡುವ ಆ ಕಾರ್ಡಿನ ಮೇಲೆಯೇ, ಗೃಹಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಇದು ಕೆಲಸಕ್ಕೆ ಮಾನ್ಯ ಎಂಬರ್ಥದ ಸಾಲು ಅಚ್ಚಾಗಿರುತ್ತದೆ. ಆ ನಂಬರ್ ಸಂಬಳ ಮತ್ತು ತೆರಿಗೆಯ ಲೆಕ್ಕಕ್ಕೆ, ಅನುಮತಿಗೆ ಅಲ್ಲ.

*"ಡೆಲಿವರಿ ಆಪ್ ನನ್ನ ಖಾತೆ ಒಪ್ಪಿಕೊಂಡಿದೆ, ಹಾಗಾದರೆ ಕಾನೂನುಬದ್ಧವೇ ತಾನೇ?"* ಅಲ್ಲ. ಅಮೆರಿಕದಲ್ಲಿ ಕಂಪನಿಯೊಂದು ಉದ್ಯೋಗಿಯನ್ನು ಸೇರಿಸಿಕೊಳ್ಳುವಾಗ ಅವರಿಗೆ ದುಡಿಯುವ ಹಕ್ಕಿದೆಯೇ ಎಂದು ದಾಖಲೆ ನೋಡಿ ಐ-9 ಎಂಬ ಫಾರ್ಮ್ ತುಂಬಬೇಕು. ಕ್ಯಾಬ್, ಡೆಲಿವರಿ ಆಪ್‌ಗಳು ತಮ್ಮಲ್ಲಿ ದುಡಿಯುವವರನ್ನು ಉದ್ಯೋಗಿ ಎನ್ನದೆ ಸ್ವತಂತ್ರ ಗುತ್ತಿಗೆದಾರ ಎನ್ನುತ್ತವೆ. ಗುತ್ತಿಗೆದಾರರಿಗೆ ಆ ಫಾರ್ಮ್ ಬೇಕಿಲ್ಲ. ಹಾಗಾಗಿ ಆಪ್ ನಿಮ್ಮನ್ನು ತಡೆಯದೇ ಇರಬಹುದು. ಗೇಟಿನಲ್ಲಿ ಕಾವಲುಗಾರ ಇಲ್ಲ ಎಂದಮಾತ್ರಕ್ಕೆ ಒಳಗೆ ಹೋಗಲು ಅನುಮತಿ ಸಿಕ್ಕಂತಲ್ಲ.

*"600 ಡಾಲರ್ ಒಳಗಿದ್ದರೆ ಪರವಾಗಿಲ್ಲ."* ಇದು ತೆರಿಗೆ ಫಾರ್ಮ್ ಒಂದರ ನಿಯಮವನ್ನು ವೀಸಾಗೆ ಅಂಟಿಸಿ ಹುಟ್ಟಿದ ಮಾತು. ಗುತ್ತಿಗೆದಾರರಿಗೆ ವರ್ಷದಲ್ಲಿ ಇಷ್ಟಕ್ಕಿಂತ ಹೆಚ್ಚು ಕೊಟ್ಟರೆ ಹಣ ಕೊಟ್ಟವರು ತೆರಿಗೆ ಇಲಾಖೆಗೆ ತಿಳಿಸಬೇಕು ಎಂಬ ಮಿತಿ ಬಹುಕಾಲ 600 ಡಾಲರ್ ಇತ್ತು. 2026ರ ಪಾವತಿಗಳಿಂದ ಅದು 2,000 ಡಾಲರ್ ಆಗಿದೆ. ವಲಸೆ ಕಾನೂನಿನಲ್ಲಿ ಇಂಥ ಮಿತಿಯೇ ಇಲ್ಲ. ಅನುಮತಿ ಇಲ್ಲದ ಕೆಲಸಕ್ಕೆ 50 ಡಾಲರ್ ಬಂದರೂ ಅದು ಅನುಮತಿ ಇಲ್ಲದ ಕೆಲಸವೇ.

*"ಟ್ಯಾಕ್ಸ್ ಕಟ್ಟಿದರೆ ಸಕ್ರಮವಾಗುತ್ತದೆ."* ತೆರಿಗೆ ಕಟ್ಟಲೇಬೇಕು, ಕಟ್ಟದಿದ್ದರೆ ಅದು ಇನ್ನೊಂದು ತಪ್ಪು. ಆದರೆ ತೆರಿಗೆ ಇಲಾಖೆ ಆದಾಯ ಹೇಗೆ ಬಂದರೂ ತನ್ನ ಪಾಲು ಕೇಳುತ್ತದೆ. ಅದರ ರಸೀದಿ ವಲಸೆ ಇಲಾಖೆಯ ಅನುಮತಿ ಪತ್ರವಲ್ಲ. ಬದಲಿಗೆ, ವೀಸಾ ವಿಸ್ತರಣೆ ಅಥವಾ ಗ್ರೀನ್ ಕಾರ್ಡ್ ಹಂತದಲ್ಲಿ ಅಧಿಕಾರಿಗಳು ತೆರಿಗೆ ದಾಖಲೆ ಕೇಳಿದರೆ, ಎರಡನೇ ಆದಾಯ ಅಲ್ಲೇ ಕಾಣುತ್ತದೆ.

*"ಹಣ ಭಾರತದ ಖಾತೆಗೆ ಬಂದರೆ ಸಮಸ್ಯೆ ಇಲ್ಲ."* ಅಮೆರಿಕದ ನಿಯಮಗಳು ಉದ್ಯೋಗ ಎನ್ನುವಾಗ ನೋಡುವುದು ಸೇವೆ ಅಥವಾ ಶ್ರಮ ಅಮೆರಿಕದೊಳಗೆ ನಡೆಯಿತೇ ಎಂಬುದನ್ನು. ಅಮೆರಿಕದ ಮನೆಯಲ್ಲಿ ಕುಳಿತು ರಾತ್ರಿ ಹುಬ್ಬಳ್ಳಿಯ ಕಂಪನಿಗೆ ಕೋಡ್ ಬರೆದುಕೊಟ್ಟರೆ, ಸಂಬಳ ಯಾವ ಬ್ಯಾಂಕಿಗೆ ಬಂತು ಎಂಬುದು ರಕ್ಷಣೆಯಾಗುವುದಿಲ್ಲ. ಕೆನಡಾದಲ್ಲಿ ಮಾತ್ರ ಇದು ಬೇರೆ. ಮಾಲೀಕರೂ ಸಂಬಳವೂ ಕೆನಡಾದ ಹೊರಗಿದ್ದು, ಇಂಟರ್ನೆಟ್ ಮೂಲಕ ಮಾಡುವ ಕೆಲಸವನ್ನು ಅಲ್ಲಿನ ವಲಸೆ ಇಲಾಖೆಯ ಮಾರ್ಗಸೂಚಿ ಪರ್ಮಿಟ್ ಬೇಕಾದ 'ಕೆಲಸ' ಎಂದು ಎಣಿಸುವುದಿಲ್ಲ. ಟೊರಾಂಟೊದ ಗೆಳೆಯನಿಗೆ ಸರಿಯಾದ ಸಲಹೆ ಡಲ್ಲಾಸ್‌ನ ಅಣ್ಣನಿಗೆ ಕುತ್ತು ತರುವುದು ಹೀಗೆಯೇ.

*"ಹೆಂಡತಿ ಹೆಸರಿನಲ್ಲಿ ಖಾತೆ ತೆರೆದು ನಾನು ಓಡಿಸುತ್ತೇನೆ."* ಎಚ್-1ಬಿಯವರ ಸಂಗಾತಿಗಳಲ್ಲಿ ಕೆಲವರಿಗೆ 2015ರಿಂದ ಸ್ವತಂತ್ರವಾಗಿ ದುಡಿಯುವ ಅನುಮತಿ ಸಿಗುತ್ತಿದೆ. ಗ್ರೀನ್ ಕಾರ್ಡ್ ಪ್ರಕ್ರಿಯೆ ನಿರ್ದಿಷ್ಟ ಹಂತ ತಲುಪಿರುವವರ ಸಂಗಾತಿಗೆ ಸಿಗುವ ಈ ಅನುಮತಿ ಬಸ್ ಪಾಸ್ ಇದ್ದಂತೆ. ಆದರೆ ಪಾಸ್ ಅವರದ್ದು. ಅವರು ದುಡಿದರೆ ಸರಿ. ಅವರ ಹೆಸರಿನಲ್ಲಿ ನೀವು ದುಡಿದರೆ ಅನುಮತಿ ಇಲ್ಲದ ಕೆಲಸದ ಜೊತೆಗೆ ವಂಚನೆಯೂ ಸೇರುತ್ತದೆ.

ಹಾಗಾದರೆ ಏನು ಮಾಡಬಹುದು?

ಎಲ್ಲ ಆದಾಯವೂ 'ಕೆಲಸ' ಅಲ್ಲ. ಬ್ಯಾಂಕ್ ಬಡ್ಡಿ, ಷೇರಿನ ಲಾಭಾಂಶ, ಊರಿನ ಮನೆಯ ಬಾಡಿಗೆ ಇವೆಲ್ಲ ಹೂಡಿಕೆಯ ಫಲ. ತೆರಿಗೆ ಲೆಕ್ಕದಲ್ಲಿ ತೋರಿಸಬೇಕು ನಿಜ, ಆದರೆ ಇವಕ್ಕೆ ವರ್ಕ್ ಪರ್ಮಿಟ್ ಬೇಕಿಲ್ಲ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದರೆ, ಭಾನುವಾರ ಮಕ್ಕಳಿಗೆ ಉಚಿತವಾಗಿ ಕನ್ನಡ ಹೇಳಿಕೊಟ್ಟರೆ ಅದು ಸ್ವಯಂಸೇವೆ. ಆದರೆ ಸಂಬಳ ಕೊಟ್ಟು ಜನ ಇಟ್ಟುಕೊಳ್ಳುವ ಹೋಟೆಲಿನಲ್ಲಿ ಊಟ, ವಸತಿಗೆ ಬದಲಾಗಿ ದುಡಿದು ಅದನ್ನು 'ಸೇವೆ' ಎಂದರೆ ಒಪ್ಪುವುದಿಲ್ಲ.

ನಿಜವಾಗಿಯೂ ಎರಡನೇ ಕೆಲಸ ಬೇಕೆಂದರೆ ಎಚ್-1ಬಿಯಲ್ಲಿ ಅದಕ್ಕೊಂದು ನೇರ ದಾರಿ ಇದೆ. ಎರಡನೇ ಕಂಪನಿಯೂ ನಿಮ್ಮ ಪರವಾಗಿ ಪ್ರತ್ಯೇಕ ಅರ್ಜಿ ಹಾಕಬೇಕು. ಅರೆಕಾಲಿಕ ಕೆಲಸಕ್ಕೂ ಹಾಕಬಹುದು. ಈಗಾಗಲೇ ವಾರ್ಷಿಕ ಮಿತಿಯಲ್ಲಿ ಲೆಕ್ಕಕ್ಕೆ ಬಂದವರು ಇದಕ್ಕಾಗಿ ಮತ್ತೆ ಲಾಟರಿಗೆ ಹೋಗಬೇಕಿಲ್ಲ. ಆದರೆ ಆ ಕೆಲಸವೂ ವಿಶೇಷ ಪರಿಣತಿ ಬೇಡುವಂಥದ್ದು, ಸಾಮಾನ್ಯವಾಗಿ ಸಂಬಂಧಪಟ್ಟ ಪದವಿ ಬೇಕಾದಂಥದ್ದು ಆಗಿರಬೇಕು. ಹಗಲು ಸಾಫ್ಟ್‌ವೇರ್ ಕಂಪನಿಯಲ್ಲಿರುವವರು ಸಂಜೆ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಲು ಹೀಗೆ ಅನುಮತಿ ಪಡೆಯಬಹುದು. ಪಿಜ್ಜಾ ಡೆಲಿವರಿಗೆ ಪಡೆಯಲಾಗದು.

ಸ್ವಂತ ಕಂಪನಿ ಕಟ್ಟುವವರಿಗೂ 2025ರ ಜನವರಿ 17ರಿಂದ ಜಾರಿಗೆ ಬಂದ ನಿಯಮದಲ್ಲಿ ಸ್ಪಷ್ಟ ದಾರಿ ಇದೆ. ಕಂಪನಿಯಲ್ಲಿ ನಿಯಂತ್ರಣದ ಪಾಲು ನಿಮ್ಮದೇ ಆಗಿದ್ದರೂ ಆ ಕಂಪನಿ ನಿಮ್ಮ ಪರವಾಗಿ ಎಚ್-1ಬಿ ಅರ್ಜಿ ಹಾಕಬಹುದು; ಮೊದಲ ಅನುಮತಿ ಗರಿಷ್ಠ 18 ತಿಂಗಳಿಗೆ. ಅರ್ಜಿ ಇಲ್ಲದೆ ಬರೀ ಕಂಪನಿ ನೋಂದಾಯಿಸಿ ಅದರಲ್ಲಿ ದುಡಿಯಲು ಕೂತರೆ ಮತ್ತದೇ ಸಮಸ್ಯೆ. ಷೇರು ಇಟ್ಟುಕೊಳ್ಳುವುದು ಹೂಡಿಕೆ, ದಿನನಿತ್ಯದ ವ್ಯವಹಾರ ನಡೆಸುವುದು ಕೆಲಸ.

ಬ್ರಿಟನ್‌ನಲ್ಲಿ '20 ಗಂಟೆ' ಗೊಂದಲ

ಬ್ರಿಟನ್‌ನ ಸ್ಕಿಲ್ಡ್ ವರ್ಕರ್ ವೀಸಾದವರು ವಾರಕ್ಕೆ 20 ಗಂಟೆವರೆಗೆ ಹೆಚ್ಚುವರಿ ಕೆಲಸ ಮಾಡಬಹುದು. ಇದು ನಿಜ. ಆದರೆ ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವ ಷರತ್ತುಗಳಿವೆ: ಪ್ರಾಯೋಜಕ ಕಂಪನಿಯ ಕೆಲಸ ಮುಂದುವರಿಯುತ್ತಲೇ ಇರಬೇಕು, ಹೆಚ್ಚುವರಿ ಕೆಲಸ ಅದರ ಸಮಯದ ಹೊರಗೆ ಇರಬೇಕು, ಮತ್ತು ಅದು ಸರ್ಕಾರ ಒಪ್ಪಿದ ಉದ್ಯೋಗಗಳ ಪಟ್ಟಿಯಲ್ಲಿರಬೇಕು. ಪಟ್ಟಿ ಆಗಾಗ ಬದಲಾಗುತ್ತದೆ. 2025ರ ಜುಲೈನಲ್ಲಿ ಕೌಶಲ್ಯದ ಮಟ್ಟವನ್ನು ಪದವಿ ಹಂತಕ್ಕೆ ಏರಿಸಲಾಯಿತು. ಹಾಗಾಗಿ ಹಳೆಯ ಸಂದೇಶ ನೋಡದೆ ಅಲ್ಲಿನ ಸರ್ಕಾರದ ವೆಬ್‌ಸೈಟ್ ನೋಡಬೇಕು.

ಅಲ್ಲಿ ಪದವಿ ಓದುವ ವಿದ್ಯಾರ್ಥಿಗಳಿಗೂ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಎಂಬ ಮಿತಿ ಇದೆ. ಸಂಖ್ಯೆ ಒಂದೇ, ನಿಯಮ ಬೇರೆ. ವಿದ್ಯಾರ್ಥಿಗಳು ಅಂಗಡಿಯಲ್ಲಿ ಸಂಬಳಕ್ಕೆ ದುಡಿಯಬಹುದು, ಆದರೆ ಸ್ವಂತ ಉದ್ಯೋಗ ಮಾಡುವಂತಿಲ್ಲ. ಆಪ್ ಮೂಲಕ ಮಾಡುವ ಡೆಲಿವರಿ ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ. 20 ಗಂಟೆ ಒಳಗೇ ಮಾಡಿದೆ ಎಂದರೂ ಅದು ಉಲ್ಲಂಘನೆ.

ಕೊಲ್ಲಿ ದೇಶಗಳಲ್ಲಿ

ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿಯ ದುಡಿಮೆಯಿಂದ. ಅಲ್ಲಿ ಶುಕ್ರವಾರದ ರಜೆಯಲ್ಲಿ ಬೇರೆ ಕಡೆ ಡ್ರೈವಿಂಗ್, ಕ್ಲೀನಿಂಗ್, ಅಂಗಡಿ ಕೆಲಸ ಮಾಡುವುದು ಮಾಮೂಲು ಎಂಬ ಮಾತಿದೆ. ಮಾಮೂಲು ಎಂದರೆ ಸಕ್ರಮ ಎಂದಲ್ಲ.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು ಅರೆಕಾಲಿಕ ಕೆಲಸವನ್ನು ಒಪ್ಪುತ್ತದೆ. ಆದರೆ ಅದಕ್ಕೆ ಕಾರ್ಮಿಕ ಸಚಿವಾಲಯದಿಂದ ಪ್ರತ್ಯೇಕ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಕುವೈತ್‌ನಲ್ಲಿ 2024ರ ಜನವರಿಯಿಂದ ಅರೆಕಾಲಿಕ ಪರ್ಮಿಟ್ ಸಿಗುತ್ತಿದೆ. ಮೂಲ ಮಾಲೀಕರ ಒಪ್ಪಿಗೆ ಬೇಕು, ದಿನಕ್ಕೆ 4 ಗಂಟೆ ಮೀರುವಂತಿಲ್ಲ. ಅಂದರೆ ದಾರಿ ಇದೆ, ಆದರೆ ಕಾಗದದ ಮೂಲಕ.

ಕಾಗದವಿಲ್ಲದ ಕೆಲಸದಲ್ಲಿ ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎರಡನೇ ಕಡೆಯವರು ತಿಂಗಳ ಕೊನೆಗೆ 'ಹಣ ಇಲ್ಲ, ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ' ಎಂದರೆ ದೂರು ಕೊಡುವುದು ಎಲ್ಲಿ? ದೂರು ಕೊಟ್ಟರೆ ಮೊದಲು ಹೊರಬರುವುದು ನಿಮ್ಮದೇ ತಪ್ಪು. ಏಣಿಯಿಂದ ಬಿದ್ದು ಕೈ ಮುರಿದರೆ ಪರಿಹಾರ ಕೇಳುವುದೂ ಅಷ್ಟೇ ಕಷ್ಟ. ಪರ್ಮಿಟ್ ಇಲ್ಲದವರನ್ನೇ ಹುಡುಕಿ ದುಡಿಸಿಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು.

ಸಿಕ್ಕಿಬಿದ್ದರೆ ಏನಾಗುತ್ತದೆ?

ಅಮೆರಿಕದಲ್ಲಿ ಅನುಮತಿ ಇಲ್ಲದ ಕೆಲಸ ಮಾಡಿದರೆ ವೀಸಾದ ಸ್ಥಿತಿ ಕಾಯ್ದುಕೊಂಡಿಲ್ಲ ಎಂದರ್ಥ. ವಿಸ್ತರಣೆ ನಿರಾಕರಿಸಬಹುದು, ದೇಶ ಬಿಡಬೇಕಾಗಬಹುದು. ಗ್ರೀನ್ ಕಾರ್ಡ್‌ನ ಕೊನೆಯ ಅರ್ಜಿಯಲ್ಲಿ 'ನೀವು ಎಂದಾದರೂ ಅನುಮತಿ ಇಲ್ಲದೆ ದುಡಿದಿದ್ದೀರಾ' ಎಂಬ ಪ್ರಶ್ನೆ ನೇರವಾಗಿಯೇ ಇದೆ. ಪ್ರತಿ ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಉದ್ಯೋಗಾಧಾರಿತ ಸರತಿ ಮುಖ್ಯ ವಿಭಾಗಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಹಿಂದಿದೆ. ಇಂದಿನ ಕೆಲವು ತಿಂಗಳ ಡೆಲಿವರಿಯ ಲೆಕ್ಕ ಅಷ್ಟು ವರ್ಷ ಕಾದ ಮೇಲೆ ಎದುರಿಗೆ ಬಂದು ನಿಲ್ಲಬಹುದು. ಆ ಹೊತ್ತಿಗೆ ಅಲ್ಲಿ ಮನೆ ಸಾಲ ಇರುತ್ತದೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಗಾದೆ ಇಂಥದ್ದಕ್ಕೇ ಇರಬೇಕು.

ಈಗಾಗಲೇ ಮಾಡಿಬಿಟ್ಟಿದ್ದರೆ?

ಮೊದಲು ನಿಲ್ಲಿಸಿ. ಆಮೇಲೆ ಪರವಾನಗಿ ಇರುವ ವಲಸೆ ವಕೀಲರನ್ನು ಕೇಳಿ; ಗುಂಪಿನ ಅಡ್ಮಿನ್‌ರನ್ನಲ್ಲ. ಎಲ್ಲವೂ ಮುಗಿಯಿತು ಎಂದು ಹೆದರಬೇಕಿಲ್ಲ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್ ಕೇಳುವವರಿಗೆ, ಕೊನೆಯ ಬಾರಿ ಸಕ್ರಮವಾಗಿ ಅಮೆರಿಕ ಪ್ರವೇಶಿಸಿದ ನಂತರದ ಉಲ್ಲಂಘನೆಗಳು ಒಟ್ಟು 180 ದಿನ ಮೀರದಿದ್ದರೆ ವಿನಾಯಿತಿ ಕೊಡುವ ಅವಕಾಶ ಕಾನೂನಿನಲ್ಲಿದೆ. ಅದು ಯಾರಿಗೆ ಅನ್ವಯಿಸುತ್ತದೆ, ದಿನಗಳನ್ನು ಹೇಗೆ ಎಣಿಸುತ್ತಾರೆ ಎಂಬುದನ್ನು ವಕೀಲರು ನಿಮ್ಮ ದಾಖಲೆ ನೋಡಿಯೇ ಹೇಳಬೇಕು.

ಮಾಡಬಾರದ ಒಂದೇ ಕೆಲಸವೆಂದರೆ ಸುಳ್ಳು ಬರೆಯುವುದು. ಅನುಮತಿ ಇಲ್ಲದ ಕೆಲಸಕ್ಕೆ ಕೆಲವೊಮ್ಮೆ ಕ್ಷಮೆ ಇದೆ. ಆದರೆ ವೀಸಾ ಅಥವಾ ಗ್ರೀನ್ ಕಾರ್ಡ್ ಪಡೆಯಲು ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. 'ಇಲ್ಲ ಅಂತ ಟಿಕ್ ಮಾಡು, ಯಾರಿಗೂ ಗೊತ್ತಾಗಲ್ಲ' ಎನ್ನುವ ಸಲಹೆಯಷ್ಟು ದುಬಾರಿ ಸಲಹೆ ಇನ್ನೊಂದಿಲ್ಲ.

ವಿದೇಶದಲ್ಲಿ ಸಂಬಳ ಸಿಗದಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಅಲ್ಲಿರುವವರೂ, ಊರಿನಲ್ಲಿರುವ ಮನೆಯವರೂ ದೂರು ದಾಖಲಿಸಬಹುದು.

ಫಾರ್ವರ್ಡ್ ಮಾಡುವ ಮೊದಲು ನಾಲ್ಕು ಪ್ರಶ್ನೆ

1. ಈ ಸಂದೇಶ ಯಾವ ದೇಶದ, ಯಾವ ವೀಸಾದ ಬಗ್ಗೆ? ಹೆಸರಿಲ್ಲದಿದ್ದರೆ ಕಳಿಸಬೇಡಿ.
2. ಅನುಮತಿ ಕೊಟ್ಟವರು ಯಾರು: ಸರ್ಕಾರವೋ, ಮ್ಯಾನೇಜರೋ, ಆಪೋ?
3. ತೆರಿಗೆಯ ನಿಯಮವನ್ನು ವೀಸಾದ ನಿಯಮ ಎಂದು ಹೇಳುತ್ತಿದೆಯೇ?
4. ಯಾವ ವರ್ಷದ ನಿಯಮ? ವಲಸೆ ನಿಯಮಗಳು ವರ್ಷಕ್ಕೊಮ್ಮೆಯಾದರೂ ಅಲ್ಲಿ ಇಲ್ಲಿ ಬದಲಾಗುತ್ತವೆ.

ಕಳಿಸಲೇಬೇಕೆಂದರೆ ಈ ಎರಡು ಸಾಲು ಕಳಿಸಿ: "ಎರಡನೇ ಕೆಲಸಕ್ಕೆ ಸೇರುವ ಮೊದಲು ನಿನ್ನ ಪರ್ಮಿಟ್‌ನಲ್ಲಿ ಆ ಕೆಲಸಕ್ಕೆ ಅನುಮತಿ ಇದೆಯೇ ನೋಡು. ಇಲ್ಲದಿದ್ದರೆ ಅರ್ಜಿ ಹಾಕಿಸು, ಅಲ್ಲಿಯವರೆಗೆ ಕೆಲಸ ಶುರು ಮಾಡಬೇಡ."